ಅಂಗಡಿಯ ವೆಬ್‌ಸೈಟನ್ನು ನೀವೇ ಕಟ್ಟಿಕೊಳ್ಳುವುದು ಹೇಗೆ: ಮಲೆನಾಡಿನ ಸಣ್ಣ ವ್ಯಾಪಾರಿಗಳಿಗೊಂದು ಮಾರ್ಗದರ್ಶಿ

ಶಿವಮೊಗ್ಗದ ಗಾಂಧಿ ಬಜಾರಿನ ಅಂಗಡಿಯವರಿಂದ ಹಿಡಿದು ಸಾಗರದ ಗುಡಿಗಾರರು, ತೀರ್ಥಹಳ್ಳಿ ಮತ್ತು ಹೊಸನಗರದ ಕಡೆ ಉಪ್ಪಿನಕಾಯಿ, ಹಪ್ಪಳ, ಜೋನಿಬೆಲ್ಲ ಮಾರುವವರ ತನಕ ಅನೇಕ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: ನಮ್ಮ ಅಂಗಡಿಯ ವೆಬ್‌ಸೈಟನ್ನು ನಾವೇ ಮಾಡಿಕೊಳ್ಳಲು ಸಾಧ್ಯವೆ, ಸಾಧ್ಯವಾದರೆ ಎಲ್ಲಿಂದ ಶುರು ಮಾಡಬೇಕು? ಖಂಡಿತ ಸಾಧ್ಯ. ಪ್ರೋಗ್ರಾಮಿಂಗ್ ಕಲಿಯಬೇಕಾಗಿಲ್ಲ. ಮೊಬೈಲಿನಲ್ಲಿ ಕನ್ನಡ ಟೈಪ್ ಮಾಡಲು, ಇಮೇಲ್ ಕಳಿಸಲು, ಫೋಟೊ ತೆಗೆದು ಹಂಚಿಕೊಳ್ಳಲು ಬರುವವರು ಕೆಲವು ವಾರಗಳ ಬಿಡುವಿನ ವೇಳೆಯಲ್ಲಿ ಒಂದು ಅಚ್ಚುಕಟ್ಟಾದ ತಾಣವನ್ನು ನಿಲ್ಲಿಸಬಹುದು.

ಇಂಥ ಪ್ರಯತ್ನಗಳು ಕೆಡುವುದು ಹೆಚ್ಚಾಗಿ ಎರಡು ಕಡೆ. ತಾಣದ ಹೆಸರು ಮತ್ತು ಖಾತೆಗಳು ಅಂಗಡಿಯ ಮಾಲೀಕರ ಬದಲು ಬೇರೆ ಯಾರದೋ ಹೆಸರಿನಲ್ಲಿರುವುದು ಒಂದು. ಗಿರಾಕಿಗೆ ಬೇಕಾದ ಬೆಲೆ, ತೂಕ, ಸಮಯ, ವಿಳಾಸಗಳನ್ನು ಬರೆಯುವ ಮೊದಲೇ ಆನ್‌ಲೈನ್ ಮಾರಾಟದ ವ್ಯವಸ್ಥೆಗೆ ಕೈಹಾಕುವುದು ಇನ್ನೊಂದು. ಈ ಮಾರ್ಗದರ್ಶಿಯ ಹಂತಗಳನ್ನು ಅವೆರಡನ್ನೂ ತಪ್ಪಿಸುವಂತೆ ಜೋಡಿಸಲಾಗಿದೆ. ದಯವಿಟ್ಟು ಕ್ರಮ ಬದಲಿಸದೆ ಅನುಸರಿಸಿ.

ಮೊದಲು ಕೈಯಲ್ಲಿರಬೇಕಾದವು

ಅಂಗಡಿಗೆಂದೇ ಮೀಸಲಾದ ಒಂದು ಇಮೇಲ್ ವಿಳಾಸ, ಅದಕ್ಕೆ ಎರಡು ಹಂತದ ಭದ್ರತೆ (ಪಾಸ್‌ವರ್ಡ್ ಕೊಟ್ಟ ಮೇಲೂ ಮೊಬೈಲಿಗೆ ಬರುವ ಸಂಕೇತವನ್ನು ಕೇಳುವ ವ್ಯವಸ್ಥೆ), ಪ್ಯಾನ್ ಕಾರ್ಡ್, ಅಂಗಡಿಯ ಪರವಾನಗಿ ಪತ್ರಗಳು, ವ್ಯವಹಾರದ ಬ್ಯಾಂಕ್ ಖಾತೆ ಮತ್ತು ಒಂದು ಉದ್ದ ಗೆರೆಯ ನೋಟ್‌ಬುಕ್ ಬೇಕು. ಫೋನಿನಲ್ಲೇ ಎಲ್ಲವನ್ನೂ ಮಾಡಬಹುದಾದರೂ ಲ್ಯಾಪ್‌ಟಾಪ್ ಇದ್ದರೆ ಕೆಲಸ ಸುಲಭ. ಮನೆಯ ಮಕ್ಕಳದ್ದೋ ಸ್ನೇಹಿತರದ್ದೋ ಇಮೇಲ್ ಬಳಸಿ ಕೆಲಸ ಆರಂಭಿಸಬೇಡಿ. ಮುಂದೆ ತೆರೆಯುವ ಪ್ರತಿಯೊಂದು ಖಾತೆಯೂ ಈ ಇಮೇಲಿಗೆ ಅಂಟಿಕೊಂಡಿರುತ್ತದೆ.

ಹಂತ 1: ತಾಣ ಏನು ಮಾಡಬೇಕೆಂದು ತೀರ್ಮಾನಿಸಿ

ಅಂಗಡಿಗೆ ಫೋನ್ ಮಾಡುವವರು ಏನೇನು ಕೇಳುತ್ತಾರೆಂದು ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ. "ಭಾನುವಾರ ತೆರೆದಿರುತ್ತೀರಾ?", "ಬೆಂಗಳೂರಿಗೆ ಕಳಿಸುತ್ತೀರಾ?", "ಜೋನಿಬೆಲ್ಲ ಈಗ ಸಿಗುತ್ತದೆಯೇ?", "ಬಸ್ ಸ್ಟ್ಯಾಂಡಿನಿಂದ ಎಷ್ಟು ದೂರ?" ಎಂಬಂಥ ಪ್ರಶ್ನೆಗಳೇ ನಿಮ್ಮ ತಾಣದ ವಿಷಯಸೂಚಿ. ಅವಕ್ಕೆ ಉತ್ತರ ಕೊಡುವ ನಾಲ್ಕೈದು ಪುಟಗಳು ಮೊದಲ ಆವೃತ್ತಿಗೆ ಧಾರಾಳವಾಗಿ ಸಾಕು. ಕಾರ್ಟ್, ಆನ್‌ಲೈನ್ ಪಾವತಿ, ರಿಯಾಯಿತಿ ಕೂಪನ್ ಮುಂತಾದವನ್ನು ಒಂಬತ್ತನೆಯ ಹಂತದವರೆಗೆ ಮರೆತುಬಿಡಿ.

ಹಂತ 2: ಹೆಸರನ್ನು ಕೊಳ್ಳಿ, ನಿಮ್ಮ ಹೆಸರಿನಲ್ಲೇ ಕೊಳ್ಳಿ

ಡೊಮೈನ್ ಎಂದರೆ ತಾಣದ ವಿಳಾಸ; ಹೋಸ್ಟಿಂಗ್ ಎಂದರೆ ತಾಣದ ಕಡತಗಳು ಕುಳಿತಿರುವ, ಸದಾ ಅಂತರ್ಜಾಲಕ್ಕೆ ಜೋಡಿಸಿರುವ ಕಂಪ್ಯೂಟರಿನಲ್ಲಿ ಬಾಡಿಗೆಗೆ ಪಡೆದ ಜಾಗ. ಅಂಗಡಿಯ ಬೋರ್ಡು ಮತ್ತು ಬಾಡಿಗೆ ಮಳಿಗೆ ಎಂದು ಅರ್ಥಮಾಡಿಕೊಂಡರೆ ಸಾಕು. ಮಳಿಗೆ ಬದಲಾಯಿಸಿದರೂ ಬೋರ್ಡು ನಿಮ್ಮದಾಗಿಯೇ ಉಳಿಯಬೇಕು.

ಹೆಸರನ್ನು ಮಾರುವ ಸಂಸ್ಥೆಗಳಿಗೆ ರಿಜಿಸ್ಟ್ರಾರ್ ಎನ್ನುತ್ತಾರೆ. ಡಾಟ್ ಇನ್ ಹೆಸರುಗಳ ಮೇಲ್ವಿಚಾರಣೆ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ, ಅಂದರೆ ನಿಕ್ಸಿ ಸಂಸ್ಥೆಯದ್ದು. ಅದು ಮಾನ್ಯ ಮಾಡಿದ ರಿಜಿಸ್ಟ್ರಾರ್‌ಗಳಲ್ಲಿ ಯಾರಿಂದ ಬೇಕಾದರೂ ಕೊಳ್ಳಬಹುದು. ಸ್ಥಳೀಯ ಅಂಗಡಿಗೆ ಡಾಟ್ ಇನ್ ಚೆನ್ನಾಗಿ ಹೊಂದುತ್ತದೆ. ಪೂರ್ತಿ ಕನ್ನಡ ಲಿಪಿಯಲ್ಲೇ ಡಾಟ್ ಭಾರತ ಎಂದು ಕೊನೆಯಾಗುವ ವಿಳಾಸಗಳೂ ಇವೆ. ಅಂಥದ್ದನ್ನು ಕೊಂಡರೆ ಸಂತೋಷ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬೇಡಿ. ಹಲವು ಇಮೇಲ್ ಸೇವೆಗಳು, ಅರ್ಜಿ ನಮೂನೆಗಳು ಕನ್ನಡ ಲಿಪಿಯ ವಿಳಾಸವನ್ನು ಇನ್ನೂ ಸರಿಯಾಗಿ ಸ್ವೀಕರಿಸುವುದಿಲ್ಲ.

ಇಂಗ್ಲಿಷ್ ಅಕ್ಷರಗಳ ಹೆಸರನ್ನು ಆರಿಸುವಾಗ ನಮ್ಮ ಊರುಗಳ ಕಾಗುಣಿತ ತೊಡಕು ತರುತ್ತದೆ. 2014ರ ನವೆಂಬರ್ 1ರಂದು ಶಿಮೊಗ ಅಧಿಕೃತವಾಗಿ ಶಿವಮೊಗ್ಗ ಆಯಿತಾದರೂ ಹೊರಗಿನವರಲ್ಲಿ ಅನೇಕರು ಇಂದಿಗೂ ಹಳೆಯ ರೂಪವನ್ನೇ ಟೈಪ್ ಮಾಡುತ್ತಾರೆ. ತೀರ್ಥಹಳ್ಳಿಯನ್ನು ಬರೆಯುವ ರೀತಿಗಳಂತೂ ಹಲವು. ಆದ್ದರಿಂದ ವಿಳಾಸದಲ್ಲಿ ಊರಿನ ಹೆಸರು ಸೇರಿಸದಿರುವುದೇ ಮೇಲು. ಅಂಗಡಿಯ ಹೆಸರನ್ನು ಫೋನಿನಲ್ಲಿ ಒಮ್ಮೆ ಹೇಳಿದರೆ ಎದುರಿನವರು ತಪ್ಪಿಲ್ಲದೆ ಬರೆದುಕೊಳ್ಳುತ್ತಾರೆಯೇ ಎಂದು ಮೂರು ನಾಲ್ಕು ಜನರಲ್ಲಿ ಪರೀಕ್ಷಿಸಿ. ಹೆಸರಿನ ನಡುವೆ ಅಡ್ಡಗೆರೆ, ಅಂಕಿ ಬೇಡ.

ಇಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳು ನಾಲ್ಕು. ಕೊಳ್ಳುವಾಗ ನೋಂದಣಿದಾರರ ಜಾಗದಲ್ಲಿ ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ಇರಬೇಕು. ತಾಣ ಮಾಡಿಕೊಡುವವರೊಬ್ಬರು "ಡೊಮೈನ್ ನಾವೇ ನೋಡಿಕೊಳ್ಳುತ್ತೇವೆ" ಎಂದರೆ ವಿನಯದಿಂದಲೇ ನಿರಾಕರಿಸಿ. ಅವರ ಹೆಸರಿನಲ್ಲಿ ನೋಂದಣಿಯಾದ ವಿಳಾಸವನ್ನು ಮರಳಿ ಪಡೆಯುವುದು ಬಹಳ ಕಷ್ಟ, ಅಷ್ಟರಲ್ಲಿ ಅದು ನಿಮ್ಮ ಚೀಲ, ರಸೀದಿ, ಬೋರ್ಡುಗಳ ಮೇಲೆಲ್ಲ ಅಚ್ಚಾಗಿರುತ್ತದೆ. ಎರಡನೆಯದಾಗಿ, ಜಾಹೀರಾತಿನಲ್ಲಿ ಕಾಣುವ ಅಗ್ಗದ ದರ ಸಾಮಾನ್ಯವಾಗಿ ಮೊದಲ ವರ್ಷಕ್ಕೆ ಮಾತ್ರ; ನವೀಕರಣದ ದರ ಎಷ್ಟೆಂದು ನೋಡಿ ನಿರ್ಧರಿಸಿ. ಮೂರನೆಯದಾಗಿ, ಡಾಟ್ ಕಾಮ್ ಕೊಂಡವರಿಗೆ ಇಮೇಲ್ ದೃಢಪಡಿಸುವಂತೆ ಸಂದೇಶ ಬರುತ್ತದೆ, ಅದಕ್ಕೆ 15 ದಿನಗಳೊಳಗೆ ಉತ್ತರಿಸದಿದ್ದರೆ ವಿಳಾಸ ಕೆಲಸ ಮಾಡುವುದನ್ನು ನಿಲ್ಲಿಸಬಹುದು. ಕೊನೆಯದಾಗಿ, ಹೆಸರು ಕೊಂಡ ಕೆಲವೇ ದಿನಗಳಲ್ಲಿ "ನಿಮ್ಮ ಡೊಮೈನ್ ಮುಗಿಯುತ್ತಿದೆ, ತಕ್ಷಣ ಹಣ ಕಟ್ಟಿ" ಎಂಬ ಸುಳ್ಳು ಇಮೇಲ್‌ಗಳು ಬರುವುದುಂಟು. ಇಮೇಲಿನ ಕೊಂಡಿಯನ್ನು ಒತ್ತದೆ, ರಿಜಿಸ್ಟ್ರಾರ್ ತಾಣಕ್ಕೆ ನೀವೇ ಹೋಗಿ ದಿನಾಂಕವನ್ನು ಪರಿಶೀಲಿಸಿ.

ಹಂತ 3: ಎಲ್ಲಿ ಕಟ್ಟಬೇಕು?

ಮೂರು ದಾರಿಗಳಿವೆ. ಗೂಗಲ್ ಸೈಟ್ಸ್ ಉಚಿತ, ಕಲಿಯುವುದು ಬಲು ಸುಲಭ, ನೀವು ಕೊಂಡ ಹೆಸರನ್ನೂ ಅದಕ್ಕೆ ಜೋಡಿಸಬಹುದು. ಆದರೆ ಮುಂದೆ ಮಾರಾಟದ ಸೌಲಭ್ಯ ಬೇಕಾದಾಗ ಅದು ಸಾಲದು. ಗೂಗಲ್ ಬಿಸಿನೆಸ್ ಪ್ರೊಫೈಲ್‌ನ (ಗೂಗಲ್ ಹುಡುಕಾಟ ಮತ್ತು ನಕ್ಷೆಯಲ್ಲಿ ಅಂಗಡಿಯ ವಿವರ ತೋರಿಸುವ ಸೇವೆ) ಒಳಗಿನಿಂದಲೇ ಉಚಿತ ವೆಬ್‌ಸೈಟ್ ಮಾಡಿಕೊಳ್ಳುವ ಸೌಲಭ್ಯ ಹಿಂದೆ ಇತ್ತು, 2024ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸಲಾಯಿತು. ಅದನ್ನು ಹೇಳಿಕೊಡುವ ಹಳೆಯ ವೀಡಿಯೊಗಳ ಹಿಂದೆ ಹೋಗಬೇಡಿ.

ವಿಕ್ಸ್, ಝೋಹೊ ಸೈಟ್ಸ್, ವರ್ಡ್‌ಪ್ರೆಸ್ ಡಾಟ್ ಕಾಮ್‌ನಂಥ ಸೇವೆಗಳು ಹೋಸ್ಟಿಂಗ್ ಸಹಿತ ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತವೆ. ನಿರ್ವಹಣೆಯ ತಲೆನೋವು ಕಡಿಮೆ, ಮಾಸಿಕ ಇಲ್ಲವೆ ವಾರ್ಷಿಕ ಶುಲ್ಕ ಹೆಚ್ಚು, ಬೇರೆಡೆಗೆ ತಾಣವನ್ನು ಒಯ್ಯುವುದು ಕೆಲವು ಸೇವೆಗಳಲ್ಲಿ ಕಷ್ಟ.

ಮೂರನೆಯದು, ಸಾಮಾನ್ಯ ಹೋಸ್ಟಿಂಗ್ ಬಾಡಿಗೆಗೆ ಪಡೆದು ಅದರಲ್ಲಿ ವರ್ಡ್‌ಪ್ರೆಸ್ ತಂತ್ರಾಂಶವನ್ನು ಸ್ಥಾಪಿಸುವುದು. 2003ರಿಂದ ಬೆಳೆದು ಬಂದಿರುವ ಈ ತಂತ್ರಾಂಶ ಉಚಿತ ಮತ್ತು ಮುಕ್ತ. ಕನ್ನಡ ಭಾಷೆಯ ಆಯ್ಕೆ ಅದರಲ್ಲಿದೆ, ಹೋಸ್ಟಿಂಗ್ ಇಷ್ಟವಾಗದಿದ್ದರೆ ಗಂಟುಮೂಟೆ ಸಮೇತ ಬೇರೆ ಕಡೆ ಹೋಗಬಹುದು. ತಿಂಗಳಿಗೆ ಒಂದೆರಡು ಗಂಟೆ ನಿರ್ವಹಣೆಗೆ ಕೊಡಬಲ್ಲವರಿಗೆ ನನ್ನ ಶಿಫಾರಸು ಇದೇ. ಮುಂದಿನ ಹಂತಗಳನ್ನು ಇದನ್ನೇ ಇಟ್ಟುಕೊಂಡು ವಿವರಿಸಿದ್ದೇನೆ. ಅಷ್ಟು ಸಮಯವೂ ಇಲ್ಲವೆಂದರೆ ಗೂಗಲ್ ಸೈಟ್ಸ್‌ನಲ್ಲೇ ಆರಂಭಿಸಿ. ನಿಮ್ಮ ಹೆಸರು ನಿಮ್ಮ ಕೈಯಲ್ಲಿರುವುದರಿಂದ ಮುಂದೆ ಯಾವಾಗ ಬೇಕಾದರೂ ಸ್ಥಳ ಬದಲಿಸಬಹುದು.

ಹೋಸ್ಟಿಂಗ್ ಕೊಳ್ಳುವಾಗ ಸರ್ವರ್ ಭಾರತದಲ್ಲಿರಲಿ, ಬ್ಯಾಕಪ್, ಅಂದರೆ ಇಡೀ ತಾಣದ ನಕಲು ಪ್ರತಿ ತೆಗೆದಿಡುವ ಸೌಲಭ್ಯವಿರಲಿ, ಎಸ್‌ಎಸ್‌ಎಲ್ ಪ್ರಮಾಣಪತ್ರ ಉಚಿತವಾಗಿರಲಿ. ವಿಳಾಸದ ಪಕ್ಕ "ಸುರಕ್ಷಿತವಲ್ಲ" ಎಂಬ ಎಚ್ಚರಿಕೆ ಬಾರದಂತೆ ತಡೆಯುವುದು, ಗಿರಾಕಿಯ ಫೋನಿಗೂ ತಾಣಕ್ಕೂ ನಡುವಿನ ಮಾಹಿತಿಯನ್ನು ಗೂಢಲಿಪಿಯಲ್ಲಿ ಕಳಿಸುವುದು ಈ ಪ್ರಮಾಣಪತ್ರದ ಕೆಲಸ. ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಲಾಭರಹಿತ ಸೇವೆ ಅದನ್ನು ಉಚಿತವಾಗಿ ನೀಡುತ್ತಿರುವಾಗ ಸಣ್ಣ ಅಂಗಡಿಯವರು ಅದಕ್ಕೆಂದು ಪ್ರತ್ಯೇಕ ಹಣ ತೆರುವ ಕಾರಣವಿಲ್ಲ. ಮೂರು ನಾಲ್ಕು ವರ್ಷಗಳ ಹಣವನ್ನು ಒಟ್ಟಿಗೆ ಕಟ್ಟಿದರೆ ಭಾರಿ ರಿಯಾಯಿತಿ ಎಂಬ ಆಮಿಷಕ್ಕೆ ಒಳಗಾಗದೆ ಮೊದಲು ಒಂದು ವರ್ಷಕ್ಕೆ ಮಾತ್ರ ಕೊಳ್ಳಿ.

ಹಂತ 4: ಸ್ಥಾಪನೆ ಮತ್ತು ಮೊದಲ ಹೊಂದಾಣಿಕೆಗಳು

ಹೋಸ್ಟಿಂಗ್‌ನ ನಿಯಂತ್ರಣ ಫಲಕದಲ್ಲಿ ವರ್ಡ್‌ಪ್ರೆಸ್ ಸ್ಥಾಪಿಸುವ ಗುಂಡಿ ಇರುತ್ತದೆ. ಅದನ್ನು ಒತ್ತಿ, ಬಳಕೆದಾರರ ಹೆಸರು ಕೇಳಿದಾಗ "ಅಡ್ಮಿನ್" ಎಂದು ಇಡದೆ ಬೇರೆ ಹೆಸರಿಡಿ, ಉದ್ದನೆಯ ಪಾಸ್‌ವರ್ಡ್ ಕೊಡಿ. ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ಸಮಯ ವಲಯವನ್ನು ಕೋಲ್ಕತಾ ಎಂದೂ ತಾಣದ ಭಾಷೆಯನ್ನು ಕನ್ನಡ ಎಂದೂ ಬದಲಿಸಿ. ಮಾದರಿಗಾಗಿ ಬಂದಿರುವ ಪುಟ, ಬರಹಗಳನ್ನು ಅಳಿಸಿ.

ಥೀಮ್ ಎಂದರೆ ತಾಣದ ವಿನ್ಯಾಸ. ವರ್ಡ್‌ಪ್ರೆಸ್ ಜೊತೆಗೆ ಬರುವುದನ್ನೇ ಇಟ್ಟುಕೊಳ್ಳಿ, ಇದರ ಮೇಲೆ ದಿನಗಟ್ಟಲೆ ಕಳೆಯಬೇಡಿ. ಪ್ಲಗಿನ್ ಎಂದರೆ ಹೆಚ್ಚುವರಿ ಸೌಲಭ್ಯ ಕೊಡುವ ಸಣ್ಣ ತಂತ್ರಾಂಶ. ಬ್ಯಾಕಪ್‌ಗೊಂದು, ವೇಗಕ್ಕೊಂದು, ಭದ್ರತೆಗೊಂದು ಇದ್ದರೆ ಆರಂಭಕ್ಕೆ ಸಾಕು. ಹಣ ಕೊಟ್ಟು ಕೊಳ್ಳಬೇಕಾದ ಥೀಮ್, ಪ್ಲಗಿನ್‌ಗಳನ್ನು "ಉಚಿತ" ಎಂದು ಹಂಚುವ ಅನಧಿಕೃತ ತಾಣಗಳಿಂದ ಏನನ್ನೂ ಇಳಿಸಿಕೊಳ್ಳಬೇಡಿ. ಅಂಥ ಕಡತಗಳಲ್ಲಿ ದುರುದ್ದೇಶದ ಸಂಕೇತಗಳನ್ನು ಹುದುಗಿಸಿರುವುದು ಬಹಳ ಸಾಮಾನ್ಯ.

ಹಂತ 5: ಕನ್ನಡ ಸರಿಯಾಗಿ ಕಾಣುವಂತೆ ನೋಡಿಕೊಳ್ಳಿ

ಈ ವಿಷಯವನ್ನು ಇಂಗ್ಲಿಷಿನ ಮಾರ್ಗದರ್ಶಿಗಳು ಹೇಳುವುದಿಲ್ಲ, ನಮ್ಮವರು ಹೆಚ್ಚು ಕಷ್ಟಪಡುವುದೂ ಇಲ್ಲೇ. ನಿಮ್ಮ ಕರಪತ್ರ, ಲೇಬಲ್, ಬೆಲೆಪಟ್ಟಿಗಳು ಡಿಟಿಪಿ ಅಂಗಡಿಯಲ್ಲಿ ತಯಾರಾಗಿದ್ದರೆ ಅವು "ನುಡಿ" ಅಥವಾ "ಬರಹ" ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ, ಯೂನಿಕೋಡ್ ಅಲ್ಲದ ಅಕ್ಷರಶೈಲಿಯಲ್ಲಿರುವ ಸಾಧ್ಯತೆ ಹೆಚ್ಚು. ಅದನ್ನು ಹಾಗೇ ನಕಲು ಮಾಡಿ ತಾಣಕ್ಕೆ ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲುಗಳಷ್ಟೇ ಕಾಣುತ್ತವೆ. ಯೂನಿಕೋಡ್ ಎಂದರೆ ಪ್ರಪಂಚದ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ನಿಶ್ಚಿತ ಸಂಖ್ಯೆಯನ್ನು ಕೊಟ್ಟಿರುವ ಸಾರ್ವತ್ರಿಕ ವ್ಯವಸ್ಥೆ. ಅಂತರ್ಜಾಲದಲ್ಲಿ ಬಳಸಬೇಕಾದದ್ದು ಅದನ್ನೇ. ಹಳೆಯ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಬದಲಿಸಿದ ನಂತರ ಸಾಲು ಸಾಲಾಗಿ ಓದಿ, ವಿಶೇಷವಾಗಿ "ವರ್ಷ", "ಅರ್ಧ", "ಸರ್ಕಾರ"ದಂಥ ಅರ್ಕಾವತ್ತಿನ ಪದಗಳನ್ನೂ ಒತ್ತಕ್ಷರಗಳನ್ನೂ ಗಮನಿಸಿ. ಪರಿವರ್ತನೆಯಲ್ಲಿ ಕೆಡುವುದು ಹೆಚ್ಚಾಗಿ ಅವೇ. ಹೊಸದಾಗಿ ಬರೆಯುವುದಿದ್ದರೆ ಫೋನಿನ ಕನ್ನಡ ಕೀಲಿಮಣೆ ಯೂನಿಕೋಡ್‌ನಲ್ಲೇ ಬರೆಯುತ್ತದೆ, ಚಿಂತೆಯಿಲ್ಲ.

ಅಕ್ಷರಶೈಲಿಗೆ ನೋಟೊ ಸಾನ್ಸ್ ಕನ್ನಡ, ನೋಟೊ ಸೆರಿಫ್ ಕನ್ನಡ, ತಲೆಬರಹಗಳಿಗೆ ಬಾಲೂ ತಮ್ಮ 2 ಉಚಿತವಾಗಿ ಲಭ್ಯ. ಇಂಗ್ಲಿಷಿಗೆಂದು ಹೊಂದಿಸಿದ ಥೀಮ್‌ಗಳಲ್ಲಿ ಸಾಲುಗಳ ಅಂತರ ಕಡಿಮೆಯಿರುವುದರಿಂದ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ, ಅಂತರವನ್ನು 1.6 ಅಥವಾ 1.7ಕ್ಕೆ ಏರಿಸಿ. ಬೆಲೆಪಟ್ಟಿಯನ್ನು ಚಿತ್ರವಾಗಿ ಹಾಕುವ ಅಭ್ಯಾಸವನ್ನು ಬಿಡಿ. ಚಿತ್ರದೊಳಗಿನ ಕನ್ನಡವನ್ನು ಹುಡುಕಾಟದಲ್ಲಿ ಹಿಡಿಯುವುದು ಕಷ್ಟ, ಗಿರಾಕಿ ಅದನ್ನು ನಕಲು ಮಾಡಿಕೊಳ್ಳಲಾರ, ದೃಷ್ಟಿದೋಷವಿರುವವರಿಗೆ ಫೋನ್ ಅದನ್ನು ಓದಿ ಹೇಳಲಾರದು.

ಇನ್ನೊಂದು ಸೂಕ್ಷ್ಮವಿದೆ. ಪುಟದ ಶೀರ್ಷಿಕೆಯನ್ನು ಕನ್ನಡದಲ್ಲಿ ಬರೆದಾಗ ವರ್ಡ್‌ಪ್ರೆಸ್ ಆ ಪುಟದ ವಿಳಾಸವನ್ನೂ ಕನ್ನಡದಲ್ಲೇ ತಯಾರಿಸುತ್ತದೆ. ಅದನ್ನು ವಾಟ್ಸಾಪಿಗೆ ಅಂಟಿಸಿದಾಗ ಪ್ರತಿ ಸಂಕೇತವೂ ಶೇಕಡಾ ಚಿಹ್ನೆ ಸಹಿತ ಒಂಬತ್ತು ಅಕ್ಷರಗಳಾಗಿ ಹಿಗ್ಗುತ್ತದೆ. "ಉಪ್ಪಿನಕಾಯಿ" ಎಂಬ ಒಂದು ಪದವೇ ಒಂದೂವರೆ ಸಾಲಿನ ವಿಚಿತ್ರ ಬರಹವಾಗಿ, ನೋಡಿದವರು ಮೋಸದ ಕೊಂಡಿಯೆಂದು ಹೆದರುವಂತಾಗುತ್ತದೆ. ಪುಟ ಪ್ರಕಟಿಸುವ ಮೊದಲು ಬಲಭಾಗದ ಫಲಕದಲ್ಲಿ "ಸ್ಲಗ್" ಎಂಬಲ್ಲಿ ಇಂಗ್ಲಿಷ್ ಅಕ್ಷರಗಳ ಚಿಕ್ಕ ಹೆಸರನ್ನು ನೀವೇ ಬರೆಯಿರಿ. ಪ್ರಕಟಿಸಿ ಹಂಚಿದ ಮೇಲೆ ಅದನ್ನು ಬದಲಿಸಲು ಹೋಗಬೇಡಿ.

ಹಂತ 6: ಪುಟಗಳನ್ನು ಬರೆಯಿರಿ

ಮುಖಪುಟ, ಉತ್ಪನ್ನಗಳು, ನಮ್ಮ ಬಗ್ಗೆ, ಕಳಿಸುವ ವಿಧಾನ, ಸಂಪರ್ಕ: ಈ ಐದು ಪುಟಗಳ ಪಠ್ಯವನ್ನು ಮೊದಲು ನೋಟ್‌ಬುಕ್ಕಿನಲ್ಲೋ ಫೋನಿನ ಟಿಪ್ಪಣಿಯಲ್ಲೋ ಪೂರ್ತಿಯಾಗಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೇಳದೆ ಕೇಳದೆ ಹೋಗುವ ನಮ್ಮ ಕಡೆ ಇದು ಅಗತ್ಯವಾದ ಮುನ್ನೆಚ್ಚರಿಕೆ.

ಮುಖಪುಟದ ಮೊದಲ ಪರದೆಯಲ್ಲಿ, ಬೆರಳಾಡಿಸದೆಯೇ ಕಾಣುವಷ್ಟು ಜಾಗದಲ್ಲಿ, ನೀವು ಏನು ಮಾರುತ್ತೀರಿ, ಅಂಗಡಿ ಎಲ್ಲಿದೆ, ಯಾವಾಗ ತೆರೆದಿರುತ್ತದೆ, ಯಾವ ಸಂಖ್ಯೆಗೆ ಕರೆ ಮಾಡಬೇಕು ಎಂಬ ನಾಲ್ಕು ವಿಷಯಗಳು ಇರಲೇಬೇಕು. ಮಧ್ಯಾಹ್ನ ಊಟಕ್ಕೆ ಬಾಗಿಲು ಹಾಕುವವರು ಅದನ್ನೂ ಬರೆಯಿರಿ, ವಾರದ ರಜೆಯನ್ನೂ ಬರೆಯಿರಿ. "ಸುಸ್ವಾಗತ" ಎಂಬ ದೊಡ್ಡ ಬ್ಯಾನರಿಗೆ ಆ ಜಾಗವನ್ನು ಕೊಡಬೇಡಿ. ಊರಿನ ಹೆಸರನ್ನು ಕನ್ನಡದಲ್ಲೂ, ಇಂಗ್ಲಿಷಿನ ಹಳೆಯ ಹೊಸ ಎರಡೂ ಕಾಗುಣಿತಗಳಲ್ಲೂ ಸಂಪರ್ಕ ಪುಟದಲ್ಲಿ ಒಮ್ಮೆ ಸಹಜವಾಗಿ ಬರುವಂತೆ ನೋಡಿಕೊಂಡರೆ ಹುಡುಕುವವರಿಗೆ ಸಿಗುವ ಸಾಧ್ಯತೆ ಹೆಚ್ಚುತ್ತದೆ.

ಉತ್ಪನ್ನದ ವಿವರಣೆಯೇ ತಾಣದ ಜೀವ. "ನಮ್ಮಲ್ಲಿ ಉತ್ತಮ ಗುಣಮಟ್ಟದ, ಶುದ್ಧ, ರುಚಿಕರ ಉಪ್ಪಿನಕಾಯಿ ದೊರೆಯುತ್ತದೆ" ಎಂಬ ವಾಕ್ಯದಿಂದ ದೂರದ ಗಿರಾಕಿಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಬರೆಯಿರಿ:

"ಅಪ್ಪೆಮಿಡಿ ಉಪ್ಪಿನಕಾಯಿ. ಇಡೀ ಮಿಡಿ, ತೊಟ್ಟು ಸಹಿತ. ನಿವ್ವಳ ತೂಕ 500 ಗ್ರಾಂ, ಗಾಜಿನ ಬಾಟಲಿ. ಮಿಡಿಮಾವು, ಉಪ್ಪು, ಮೆಣಸಿನಕಾಯಿ, ಸಾಸಿವೆ, ಅರಿಸಿನ ಹಾಕಿದೆ. ಎಣ್ಣೆ ಹಾಕಿಲ್ಲ. ಖಾರ ಮಧ್ಯಮ. ಬಾಟಲಿ ತೆರೆದ ಮೇಲೆ ಒಣ ಚಮಚವನ್ನೇ ಬಳಸಿ. ಈ ವರ್ಷದ ಮಿಡಿ ಮುಗಿದ ನಂತರ ಮುಂದಿನ ಹಂಗಾಮಿನವರೆಗೆ ಸಿಗುವುದಿಲ್ಲ."

ಕೊನೆಯ ವಾಕ್ಯವನ್ನು ಬಿಡಬೇಡಿ. ಮಿಡಿಯಾಗಲಿ, ಆಲೆಮನೆಯಿಂದ ಬರುವ ಜೋನಿಬೆಲ್ಲವಾಗಲಿ, ಹಲಸಿನ ಹಪ್ಪಳವಾಗಲಿ ವರ್ಷವಿಡೀ ಇರುವ ಸರಕಲ್ಲ. ಯಾವ ತಿಂಗಳಲ್ಲಿ ಯಾವುದು ಸಿಗುತ್ತದೆ ಎಂಬ ಒಂದು ಪಟ್ಟಿ ಮಾಡಿ ಹಾಕಿದರೆ ಗಿರಾಕಿಗಳು ಅದನ್ನು ನೋಡಲೆಂದೇ ಮರಳಿ ಬರುತ್ತಾರೆ. ಬೆಲೆಯನ್ನು ಮುಚ್ಚಿಡಬೇಡಿ, "ಬೆಲೆಗಾಗಿ ಕರೆ ಮಾಡಿ" ಎಂಬುದನ್ನು ಕಂಡು ಅನೇಕರು ಅಲ್ಲೇ ಹಿಂದಿರುಗುತ್ತಾರೆ. ಅಡಿಕೆ, ಏಲಕ್ಕಿ, ಕಾಳುಮೆಣಸಿನಂತೆ ಮಾರುಕಟ್ಟೆಯೊಂದಿಗೆ ಏರಿಳಿಯುವ ಸರಕಿಗೆ ಮಾತ್ರ ಯಾವ ದಿನಾಂಕದ ಬೆಲೆ ಎಂದು ಪಕ್ಕದಲ್ಲಿ ನಮೂದಿಸಿ.

"ನಮ್ಮ ಬಗ್ಗೆ" ಪುಟದಲ್ಲಿ ಯಾರು ತಯಾರಿಸುತ್ತಾರೆ, ಎಲ್ಲಿಂದ ತರುತ್ತೀರಿ ಎಂಬುದನ್ನು ಎಂಟು ಹತ್ತು ಸಾಲುಗಳಲ್ಲಿ ಹೇಳಿದರಾಯಿತು. ಹೊರರಾಜ್ಯದ ಗಿರಾಕಿಗಳಿದ್ದರೆ ಮುಖ್ಯ ವಿವರಗಳನ್ನು ಇಂಗ್ಲಿಷಿನಲ್ಲೂ ಕೊಡಿ, ಆದರೆ ಯಂತ್ರಾನುವಾದವನ್ನು ಓದಿ ತಿದ್ದದೆ ಪ್ರಕಟಿಸಬೇಡಿ.

ಹಂತ 7: ಚಿತ್ರಗಳು

ಮೋಡ ಕವಿದ ಹಗಲಿನಲ್ಲಿ, ಬಾಗಿಲಿನ ಬಳಿ, ಬಿಳಿ ಬಟ್ಟೆಯ ಮೇಲೆ ವಸ್ತುವನ್ನಿಟ್ಟು ಫ್ಲ್ಯಾಶ್ ಇಲ್ಲದೆ ತೆಗೆದ ಚಿತ್ರ ಚೆನ್ನಾಗಿ ಬರುತ್ತದೆ. ಮಲೆನಾಡಿನ ಮಳೆಗಾಲ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಗುಡಿಗಾರರ ಕೆತ್ತನೆಯಂಥ ವಸ್ತುವಾದರೆ ಬೆಳಕು ಒಂದು ಪಕ್ಕದಿಂದ ಬೀಳುವಂತೆ ಇಡಿ, ಆಗ ಕೆತ್ತನೆಯ ಆಳ ಕಾಣುತ್ತದೆ, ಅಳತೆ ತಿಳಿಯಲು ಪಕ್ಕದಲ್ಲೊಂದು ಸ್ಕೇಲ್ ಇಟ್ಟು ಇನ್ನೊಂದು ಚಿತ್ರ ತೆಗೆಯಿರಿ.

ಫೋನಿನಿಂದ ಬಂದ ಚಿತ್ರವನ್ನು ಹಾಗೇ ಏರಿಸುವುದು ಬಹಳ ದೊಡ್ಡ ತಪ್ಪು. ಒಂದೊಂದು ಚಿತ್ರ 4 ಎಂಬಿ ಇದ್ದರೆ ಇಪ್ಪತ್ತು ಉತ್ಪನ್ನಗಳ ಪುಟ 80 ಎಂಬಿ ಆಗುತ್ತದೆ. ಹೊಸನಗರದ ಒಳಹಳ್ಳಿಯಲ್ಲಿ ಒಂದು ಗೆರೆ ಸಿಗ್ನಲ್ ಹಿಡಿದು ಕುಳಿತವರಿಗೆ ಅದು ತೆರೆಯುವುದೇ ಇಲ್ಲ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅಥವಾ ಜೆಪೆಗ್ ರೂಪದಲ್ಲಿ 150 ಕೆಬಿಯೊಳಗೆ ಉಳಿಸಿದರೆ ಅದೇ ಪುಟ 3 ಎಂಬಿಗೆ ಇಳಿಯುತ್ತದೆ. ಸ್ಕ್ವೂಶ್ ಎಂಬ ಉಚಿತ ಸಾಧನ ಈ ಕೆಲಸವನ್ನು ಬ್ರೌಸರಿನಲ್ಲೇ ಮಾಡಿಕೊಡುತ್ತದೆ. ಗೂಗಲ್‌ನಲ್ಲಿ ಸಿಕ್ಕ ಬೇರೆಯವರ ಚಿತ್ರಗಳನ್ನು ಬಳಸಬೇಡಿ. ಅವುಗಳ ಹಕ್ಕು ನಿಮ್ಮದಲ್ಲ, ಗಿರಾಕಿ ಕೈಗೆ ಪಡೆಯುವ ವಸ್ತುವೂ ಅದಲ್ಲ.

ಹಂತ 8: ಕರೆ, ವಾಟ್ಸಾಪ್, ನಕ್ಷೆ

ಫೋನ್ ಸಂಖ್ಯೆಯನ್ನು ಒತ್ತಿದ ಕೂಡಲೇ ಕರೆ ಹೋಗುವಂತೆ ಕೊಂಡಿಯಾಗಿಸಿ. ವಾಟ್ಸಾಪ್ ಗುಂಡಿಗೆ ಡಬ್ಲ್ಯುಎ ಡಾಟ್ ಎಂಇ ಎಂಬ ಕಿರುವಿಳಾಸ, ಒಂದು ಓರೆಗೆರೆ, 91 ಮತ್ತು ಹತ್ತಂಕಿಯ ಮೊಬೈಲ್ ಸಂಖ್ಯೆ, ಇಷ್ಟೇ ಬೇಕು. ಪ್ಲಸ್ ಚಿಹ್ನೆ, ಮೊದಲ ಸೊನ್ನೆ, ನಡುವಿನ ಖಾಲಿ ಜಾಗ ಯಾವುದೂ ಬರಬಾರದು. ಒಂದು ಕಂಪನಿಯ ನೆಟ್‌ವರ್ಕ್ ಹೋದರೂ ಸಂಪರ್ಕ ಸಿಗುವಂತೆ ಬೇರೆ ಕಂಪನಿಯ ಎರಡನೆಯ ಸಂಖ್ಯೆಯನ್ನೂ ಕೊಡಿ. ಮನೆಸಂಖ್ಯೆ, ರಸ್ತೆಯ ಹೆಸರು ಇಲ್ಲದ ಊರುಗಳಲ್ಲಿ ಗೂಗಲ್ ಮ್ಯಾಪ್ಸ್ ಕೊಡುವ ಪ್ಲಸ್ ಕೋಡ್ ಎಂಬ ಚಿಕ್ಕ ಸಂಕೇತವನ್ನು ವಿಳಾಸದ ಜೊತೆ ಬರೆದರೆ ಹೊರಗಿನಿಂದ ಬರುವವರು ದಾರಿ ತಪ್ಪುವುದಿಲ್ಲ.

ಹಂತ 9: ಹಣ ಪಡೆಯುವುದು, ಕಳಿಸುವುದು, ಕಾನೂನು

ಆರಂಭದ ಕೆಲವು ತಿಂಗಳು ವಾಟ್ಸಾಪಿನಲ್ಲಿ ಆರ್ಡರ್, ಯುಪಿಐಯಲ್ಲಿ ಹಣ, ಅಂಚೆಯಲ್ಲೋ ಕೊರಿಯರಿನಲ್ಲೋ ಪಾರ್ಸಲ್ ಎಂಬ ಸರಳ ವ್ಯವಸ್ಥೆ ಸಾಕು. ಹಣ ಬಂದಿದೆಯೆಂದು ಗಿರಾಕಿ ಕಳಿಸುವ ಸ್ಕ್ರೀನ್‌ಶಾಟ್ ನಂಬಿ ಸರಕು ಕಳಿಸಬೇಡಿ. ನಿಮ್ಮ ಬ್ಯಾಂಕ್ ಖಾತೆಯಲ್ಲಿ ಜಮೆಯಾದದ್ದನ್ನು ನೋಡಿಯೇ ಕಟ್ಟಲು ಕೂರಿ. ಹಣ ಪಡೆಯಲು ಯುಪಿಐ ಪಿನ್ ಒತ್ತುವ ಅಗತ್ಯ ಎಂದೂ ಇರುವುದಿಲ್ಲ. ಒತ್ತಿ ಎಂದವರು ಮೋಸಗಾರರು. ವಂಚನೆಯಾದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಆರ್ಡರ್‌ಗಳು ಹೆಚ್ಚಿ ಲೆಕ್ಕ ಇಡುವುದು ಕಷ್ಟವಾದಾಗ ವೂಕಾಮರ್ಸ್ ಎಂಬ ಉಚಿತ ಪ್ಲಗಿನ್ ಸೇರಿಸಿ, ಪೇಮೆಂಟ್ ಗೇಟ್‌ವೇ, ಅಂದರೆ ಕಾರ್ಡ್, ಯುಪಿಐ, ನೆಟ್‌ಬ್ಯಾಂಕಿಂಗ್ ಹಣವನ್ನು ತಾಣದಲ್ಲೇ ಸ್ವೀಕರಿಸಿ ನಿಮ್ಮ ಖಾತೆಗೆ ಹಾಕುವ ಸೇವೆಯನ್ನು ಜೋಡಿಸಬಹುದು. ಪ್ರತಿ ವಹಿವಾಟಿನ ಮೇಲೆ ಸುಮಾರು ಶೇ. 2ರಷ್ಟು ಶುಲ್ಕ, ಆ ಶುಲ್ಕದ ಮೇಲೆ ಜಿಎಸ್‌ಟಿ ಕಡಿತವಾಗುತ್ತದೆಂಬುದನ್ನು ಬೆಲೆ ನಿಗದಿಯಲ್ಲೇ ಲೆಕ್ಕ ಹಾಕಿ. ಸಂಪರ್ಕ ವಿವರ, ಹಣ ಮರಳಿಸುವ ನಿಯಮ, ಗೋಪ್ಯತಾ ನಿಯಮ, ಮಾರಾಟದ ಷರತ್ತುಗಳ ಪುಟಗಳಿಲ್ಲದೆ ಗೇಟ್‌ವೇ ಅನುಮತಿ ಸಿಗುವುದು ಕಷ್ಟ.

ಸಾಗಣೆಯ ದರವನ್ನು ನಿವ್ವಳ ತೂಕದ ಮೇಲೆ ಅಂದಾಜಿಸಿದರೆ ನಷ್ಟ ಖಂಡಿತ. ಬಾಟಲಿ, ಸುತ್ತಿದ ಪದರ, ಪೆಟ್ಟಿಗೆ ಎಲ್ಲ ಸೇರಿಸಿ ತೂಗಿ ನೋಡಿ, ಆಮೇಲೆ ದರಪಟ್ಟಿ ಬರೆಯಿರಿ. ಬಾಟಲಿ ಒಡೆದರೆ ಏನು ಮಾಡುತ್ತೀರಿ, ಎಷ್ಟು ದಿನದೊಳಗೆ ತಿಳಿಸಬೇಕು ಎಂಬುದನ್ನೂ ಸ್ಪಷ್ಟವಾಗಿ ನಮೂದಿಸಿ.

ಕಾನೂನಿನ ಕಡೆ ಮುಖ್ಯವಾದವು ಇವು. ಆಹಾರ ಪದಾರ್ಥ ಮಾರುವವರು ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಪರವಾನಗಿಯ 14 ಅಂಕಿಗಳ ಸಂಖ್ಯೆಯನ್ನು ತಾಣದಲ್ಲಿ ಕಾಣುವಂತೆ ಹಾಕಿ. ಪೊಟ್ಟಣದ ಸರಕನ್ನು ತಾಣದ ಮೂಲಕವೇ ಮಾರುವುದಾದರೆ ತಯಾರಕರ ಹೆಸರು ಮತ್ತು ವಿಳಾಸ, ನಿವ್ವಳ ಪ್ರಮಾಣ, ಗರಿಷ್ಠ ಮಾರಾಟ ಬೆಲೆಯಂಥ ವಿವರಗಳನ್ನು ಪರದೆಯ ಮೇಲೂ ತೋರಿಸಬೇಕೆಂದು 2011ರ ಪೊಟ್ಟಣ ಸರಕುಗಳ ಕಾನೂನು ಮಾಪನ ನಿಯಮಗಳು ಹೇಳುತ್ತವೆ. 2020ರ ಇ-ವಾಣಿಜ್ಯ ಗ್ರಾಹಕ ರಕ್ಷಣಾ ನಿಯಮಗಳ ಪ್ರಕಾರ ದೂರು ಸ್ವೀಕರಿಸುವವರ ಹೆಸರು ಮತ್ತು ಸಂಪರ್ಕ ತಾಣದಲ್ಲಿರಬೇಕು, ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ತಿಳಿಸಿ ಒಂದು ತಿಂಗಳೊಳಗೆ ಪರಿಹರಿಸಬೇಕು.

ಜಿಎಸ್‌ಟಿಯ ಒಂದು ಅಂಶದಲ್ಲಿ ಅನೇಕರು ಎಡವುತ್ತಾರೆ. ಕರ್ನಾಟಕದೊಳಗೆ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ನೋಂದಣಿ ಕಡ್ಡಾಯವಲ್ಲ. ಆದರೆ ತೆರಿಗೆಗೆ ಒಳಪಟ್ಟ ಸರಕನ್ನು ಹೊರರಾಜ್ಯಕ್ಕೆ ಮಾರಿದರೆ ಆ ಮಿತಿ ಅನ್ವಯಿಸುವುದಿಲ್ಲ, ಮೊದಲ ಪಾರ್ಸಲಿನಿಂದಲೇ ನೋಂದಣಿ ಬೇಕಾಗುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರು (ಒಟ್ಟು ವಹಿವಾಟಿನ ಮೇಲೆ ಕಡಿಮೆ ದರದ ನಿಗದಿತ ತೆರಿಗೆ ಕಟ್ಟುವ ಸಣ್ಣ ವ್ಯಾಪಾರಿಗಳು) ಹೊರರಾಜ್ಯಕ್ಕೆ ಮಾರುವಂತೆಯೇ ಇಲ್ಲ. ಕರಕುಶಲ ವಸ್ತುಗಳಿಗೆ ಷರತ್ತುಬದ್ಧ ವಿನಾಯಿತಿ ಉಂಟು. "ಭಾರತದಾದ್ಯಂತ ಕಳಿಸಲಾಗುವುದು" ಎಂದು ಬರೆಯುವ ಮೊದಲು ನಿಮ್ಮ ತೆರಿಗೆ ಸಲಹೆಗಾರರನ್ನು ಕೇಳಿ. ಕೇಳುವವರೆಗೆ "ಕರ್ನಾಟಕದೊಳಗೆ ಮಾತ್ರ" ಎಂದಿರಲಿ.

ಹಂತ 10: ಪ್ರಕಟಣೆ ಮತ್ತು ಪತ್ತೆಯಾಗುವಿಕೆ

ಪ್ರಕಟಿಸುವ ಮುನ್ನ ತಾಣವನ್ನು ಹಳೆಯ, ಅಗ್ಗದ ಫೋನೊಂದರಲ್ಲಿ ಮೊಬೈಲ್ ಡೇಟಾ ಬಳಸಿ ತೆರೆದು ನೋಡಿ. ಅಂಗಡಿಯ ಪರಿಚಯವೇ ಇಲ್ಲದ ಒಬ್ಬರ ಕೈಗೆ ಫೋನ್ ಕೊಟ್ಟು "ಅರ್ಧ ಕಿಲೋ ಉಪ್ಪಿನಕಾಯಿ ಮೈಸೂರಿಗೆ ತರಿಸಲು ಎಷ್ಟಾಗುತ್ತದೆ ಹೇಳಿ" ಎಂದು ಕೇಳಿ, ಸುಮ್ಮನೆ ಗಮನಿಸಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಿದ್ದಬೇಕು. ವರ್ಡ್‌ಪ್ರೆಸ್‌ನ ಓದುವ ಸೆಟ್ಟಿಂಗ್‌ನಲ್ಲಿ ಹುಡುಕಾಟ ಯಂತ್ರಗಳನ್ನು ದೂರವಿಡುವ ಆಯ್ಕೆಯ ಚೌಕದಲ್ಲಿ ಗುರುತು ಉಳಿದುಬಿಟ್ಟಿದ್ದರೆ ತಾಣ ಗೂಗಲ್‌ನಲ್ಲಿ ಕಾಣದೆ ಹೋಗುತ್ತದೆ, ಅದನ್ನು ತೆಗೆಯಿರಿ.

ನಂತರ ಗೂಗಲ್ ಸರ್ಚ್ ಕನ್ಸೋಲ್‌ಗೆ (ತಾಣವು ಗೂಗಲ್ ಹುಡುಕಾಟದಲ್ಲಿ ಹೇಗೆ ಕಾಣುತ್ತಿದೆಯೆಂದು ಮಾಲೀಕರಿಗೆ ತಿಳಿಸುವ ಉಚಿತ ಸಾಧನ) ತಾಣವನ್ನು ಸೇರಿಸಿ, ಗೂಗಲ್ ಬಿಸಿನೆಸ್ ಪ್ರೊಫೈಲ್ ತೆರೆದು ಅಂಗಡಿಯನ್ನು ನಕ್ಷೆಯಲ್ಲಿ ಗುರುತಿಸಿ, ತಾಣದ ವಿಳಾಸವನ್ನು ಅದರಲ್ಲಿ ನಮೂದಿಸಿ. ಅಂಗಡಿಯ ಹೊರಭಾಗ, ಬೋರ್ಡು, ಒಳಭಾಗವನ್ನು ವೀಡಿಯೊದಲ್ಲಿ ತೋರಿಸಿ ದೃಢಪಡಿಸುವಂತೆ ಕೇಳಬಹುದು, ಬೋರ್ಡು ಸ್ಪಷ್ಟವಾಗಿ ಕಾಣುವ ಹಗಲಿನಲ್ಲೇ ಮಾಡಿ. ಈ ಪ್ರೊಫೈಲ್ ಉಚಿತ. "ಗೂಗಲ್ ಕಂಪನಿಯಿಂದ ಮಾತನಾಡುತ್ತಿದ್ದೇವೆ, ಹಣ ಕಟ್ಟಿದರೆ ಮೊದಲ ಸ್ಥಾನ ಕೊಡುತ್ತೇವೆ" ಎಂಬ ಕರೆಗಳನ್ನು ನಂಬಬೇಡಿ. ಅಂಗಡಿಯ ಹೆಸರು, ವಿಳಾಸ, ಫೋನ್ ಸಂಖ್ಯೆ ತಾಣದಲ್ಲೂ ಪ್ರೊಫೈಲಿನಲ್ಲೂ ಅಕ್ಷರಶಃ ಒಂದೇ ಇರಲಿ.

ಹಂತ 11: ನಿರ್ವಹಣೆ

ತಿಂಗಳಿಗೊಮ್ಮೆ ಒಂದು ದಿನ ಗೊತ್ತುಮಾಡಿಕೊಂಡು, ಮೊದಲು ಬ್ಯಾಕಪ್ ತೆಗೆದು, ಆಮೇಲೆ ವರ್ಡ್‌ಪ್ರೆಸ್, ಥೀಮ್, ಪ್ಲಗಿನ್‌ಗಳನ್ನು ಹೊಸ ಆವೃತ್ತಿಗೆ ಏರಿಸಿ, ಬೆಲೆಗಳನ್ನೂ ಮುಗಿದ ಸರಕುಗಳನ್ನೂ ತಿದ್ದಿ, ಕರೆ ಮತ್ತು ವಾಟ್ಸಾಪ್ ಗುಂಡಿಗಳನ್ನು ಒತ್ತಿ ನೋಡಿ. ಹಳೆಯ ಆವೃತ್ತಿಯಲ್ಲೇ ಬಿಟ್ಟ ಪ್ಲಗಿನ್‌ಗಳ ಮೂಲಕವೇ ದಾಳಿಕೋರರು ತಾಣಗಳೊಳಗೆ ನುಗ್ಗುವುದು ಹೆಚ್ಚು. ಗಿರಾಕಿಗಳ ಹೆಸರು, ವಿಳಾಸ, ಫೋನ್ ಸಂಖ್ಯೆಗಳನ್ನು ಆರ್ಡರ್ ಮತ್ತು ಲೆಕ್ಕಕ್ಕೆ ಬೇಕಾದಷ್ಟೇ ಇಟ್ಟುಕೊಳ್ಳಿ, ಬೇರೆ ಯಾರಿಗೂ ಕೊಡಬೇಡಿ.

ಡೊಮೈನ್ ಮತ್ತು ಹೋಸ್ಟಿಂಗ್ ನವೀಕರಣದ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಒಂದು ತಿಂಗಳು ಮುಂಚಿನ ಪುಟದಲ್ಲೇ ಗುರುತು ಮಾಡಿ. ಎಲ್ಲ ಖಾತೆಗಳ ವಿವರಗಳನ್ನು ಕಾಗದದಲ್ಲಿ ಬರೆದು ಅಂಗಡಿಯ ಪರವಾನಗಿ ಪತ್ರಗಳ ಜೊತೆ ಬೀಗದೊಳಗಿಡಿ, ಅದು ಎಲ್ಲಿದೆಯೆಂದು ಮನೆಯ ಇನ್ನೊಬ್ಬರಿಗೆ ತಿಳಿಸಿ. ಬ್ಯಾಕಪ್‌ನ ಒಂದು ಪ್ರತಿ ಹೋಸ್ಟಿಂಗ್‌ನಲ್ಲಿ ಮಾತ್ರವಲ್ಲದೆ ನಿಮ್ಮ ಗೂಗಲ್ ಡ್ರೈವ್‌ನಲ್ಲೋ ಪೆನ್‌ಡ್ರೈವ್‌ನಲ್ಲೋ ಇರಬೇಕು. ಮರುಸ್ಥಾಪನೆ ಮಾಡುವುದು ಹೇಗೆಂದು ವರ್ಷಕ್ಕೊಮ್ಮೆಯಾದರೂ, ಮಳೆಗಾಲ ಹಿಡಿಯುವ ಮೊದಲು, ಒಂದು ಪರೀಕ್ಷಾ ತಾಣದಲ್ಲಿ ಮಾಡಿ ನೋಡಿ.